ಮಾದರಿ ಮನೆಯಲ್ಲಿ ನೋಡಬೇಕಾದದ್ದೇನು?

ಪ್ರಶ್ನೆ: ಹೊಸ ಬಡಾವಣೆಯೊಂದರ ಐಷಾರಾಮಿ ಮಾದರಿ ಮನೆಗಳನ್ನು ನಾನೂ ನನ್ನ ಪತಿಯೂ ನೋಡಿ ಬಂದೆವು. ನಮ್ಮ ಈಗಿನ ಮನೆಗಿಂತ ಅಲ್ಲಿನ ಕೋಣೆಗಳು ಎಷ್ಟೋ ದೊಡ್ಡವೆನ್ನಿಸಿದವು. ಮನೆಗೆ ಬಂದು ನಕ್ಷೆಯನ್ನು ಹೋಲಿಸಿ ನೋಡಿದರೆ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಮುಂಗಡ ಕೊಡುವ ಮೊದಲು ಮತ್ತೊಮ್ಮೆ ಹೋಗುವವರಿದ್ದೇವೆ. ಏನನ್ನು ಗಮನಿಸಬೇಕು?

ಉತ್ತರ: ಸುಳ್ಳು ಅಳತೆ ಹೇಳದೆಯೇ ಕೋಣೆಯನ್ನು ಹಿಗ್ಗಿಸಿ ತೋರಿಸುವುದು ಒಳಾಂಗಣ ವಿನ್ಯಾಸಗಾರರ ಕಸುಬು. ಕೋಣೆಗಳ ನಡುವಣ ಬಾಗಿಲುಗಳನ್ನು ಕಳಚಿ ಇಡುವುದು, ಕಿಟಕಿಯ ಎದುರಿಗೆ ಗೋಡೆಯಗಲದ ಕನ್ನಡಿ ಹಾಕುವುದು, ಎತ್ತರ ಹೆಚ್ಚಾಗಿ ಕಾಣಲೆಂದು ಪರದೆಗಳನ್ನು ಸೀಲಿಂಗ್‌ನಿಂದಲೇ ಇಳಿಬಿಡುವುದು, ನಡುಹಗಲಲ್ಲೂ ದೀಪಗಳನ್ನೆಲ್ಲ ಉರಿಸುವುದು, ಇವೆಲ್ಲ ಅಲ್ಲಿ ರೂಢಿಯಲ್ಲಿರುವ ತಂತ್ರಗಳು. ಕೆಲವೆಡೆ ಇಟ್ಟಿಗೆಯ ಗೋಡೆ ಬರಬೇಕಾದಲ್ಲಿ ಗಾಜನ್ನು ನಿಲ್ಲಿಸಿರುವುದೂ ಉಂಟು.

ಆದರೆ ಹೆಚ್ಚಿನ ಕೆಲಸ ಮಾಡುವುದು ಪೀಠೋಪಕರಣಗಳು. 10 ಅಡಿ ಅಗಲ, 12 ಅಡಿ ಉದ್ದದ ಮಲಗುವ ಕೋಣೆಯೊಂದನ್ನು ತೆಗೆದುಕೊಳ್ಳಿ. ಇಬ್ಬರು ಮಲಗುವ ದೊಡ್ಡ ಹಾಸಿಗೆಯ ಉದ್ದ ಸುಮಾರು ಆರೂವರೆ ಅಡಿ. ಅದರ ತಲೆದೆಸೆಯನ್ನು ಉದ್ದನೆಯ ಗೋಡೆಗೆ ಆನಿಸಿದರೆ ಕಾಲ್ದೆಸೆಯಲ್ಲಿ ಉಳಿಯುವುದು ಮೂರೂವರೆ ಅಡಿ. ಎದುರುಗೋಡೆಗೆ 2 ಅಡಿ ಆಳದ ಬಟ್ಟೆಯ ಕಪಾಟು ಬಂತೆಂದರೆ ಓಡಾಟಕ್ಕೆ ಸಿಗುವುದು ಬರೀ 18 ಇಂಚು, ಅಷ್ಟರಲ್ಲಿ ಕಪಾಟಿನ ಬಾಗಿಲು ತೆರೆದು ಎದುರಿಗೆ ನಿಲ್ಲುವುದೂ ಕಷ್ಟ. ಅದೇ ಕೋಣೆಯಲ್ಲಿ ಮಂಚವನ್ನು ಅರ್ಧ ಅಡಿ ಗಿಡ್ಡವಾಗಿ ಮಾಡಿಸಿ, ಕಪಾಟನ್ನೇ ಇಡದೆ ಬಿಟ್ಟರೆ 4 ಅಡಿ ಜಾಗ ಖಾಲಿ ಕಾಣುತ್ತದೆ. ಎಲ್ಲರೂ ಹೀಗೆಯೇ ಮಾಡುತ್ತಾರೆಂದು ನಾನು ಹೇಳಲಾರೆ. ಆದರೆ ಮಂಚಕ್ಕೆ ಟೇಪು ಹಿಡಿದು ನೋಡದೆ ಕೋಣೆ ದೊಡ್ಡದೆಂದು ಒಪ್ಪಿಕೊಳ್ಳಬೇಡಿ. ಹೊರಡುವ ಮೊದಲು ನಿಮ್ಮ ಸ್ವಂತ ಮಂಚ, ಸೋಫಾ, ಫ್ರಿಜ್‌ಗಳ ಅಳತೆಯನ್ನು ಬರೆದುಕೊಂಡರೆ ಅಲ್ಲಿ ನಿಂತೇ ಲೆಕ್ಕ ಹಾಕಬಹುದು.

ಇರುವುದನ್ನು ನೋಡಿದಷ್ಟೇ ಶ್ರದ್ಧೆಯಿಂದ ಇಲ್ಲದ್ದನ್ನೂ ಹುಡುಕಬೇಕು. ಬಟ್ಟೆ ಒಣಹಾಕುವ ಜಾಗ, ಕಸದ ಡಬ್ಬಿ, ಪೊರಕೆ, ಚಪ್ಪಲಿಗಳು, ಟಿವಿಯ ವೈರು, ಇವು ಯಾವ ಮಾದರಿ ಮನೆಯಲ್ಲಿಯೂ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ವಾಷಿಂಗ್ ಮಷೀನಿಗೆ ನಲ್ಲಿಯೂ ನೀರು ಹೋಗುವ ಕೊಳವೆಯೂ ಎಲ್ಲಿವೆ ಎಂದು ಕೇಳಿ. ಸಾಧ್ಯವಾದರೆ ದೀಪಗಳನ್ನೂ ಸಂಗೀತವನ್ನೂ ಐದು ನಿಮಿಷ ನಿಲ್ಲಿಸುವಂತೆ ವಿನಂತಿಸಿ, ಹಗಲಿನ ನಿಜವಾದ ಬೆಳಕು ಎಷ್ಟು, ಪಕ್ಕದ ರಸ್ತೆಯ ಸದ್ದು ಎಷ್ಟು ಎಂಬುದನ್ನು ಕೋಣೆಯ ನಡುವೆ ನಿಂತು ಗಮನಿಸಿ. ನಿಮಗೆ ಸಿಗುವ ಮನೆ ಇದರ ಎಡಬಲ ತಿರುವಿದ ನಕ್ಷೆಯದೋ, ಬೇರೆ ದಿಕ್ಕಿನದೋ, ಬೇರೆ ಅಂತಸ್ತಿನದೋ ಆಗಿರಬಹುದಾದ್ದರಿಂದ ಬೆಳಕಿನ ವಿಷಯವನ್ನು ನಿಮ್ಮ ಮನೆ ಬರುವ ಜಾಗದಲ್ಲಿಯೇ ನಿಂತು ನೋಡುವುದು ಇನ್ನೂ ಒಳ್ಳೆಯದು.

ಅಮೃತಶಿಲೆಯ ನೆಲ, ವಿದೇಶಿ ನಲ್ಲಿಗಳು, ಫಾಲ್ಸ್ ಸೀಲಿಂಗ್ ಇವುಗಳಲ್ಲಿ ಹೇಳಿದ ಬೆಲೆಗೆ ಸೇರಿದವು ಯಾವುವು, ಹೆಚ್ಚುವರಿ ಹಣಕ್ಕೆ ಬರುವವು ಯಾವುವು ಎಂಬ ಪಟ್ಟಿಯನ್ನು ಲಿಖಿತವಾಗಿ ಪಡೆದು ಕರಾರಿಗೆ ಲಗತ್ತಿಸಿಕೊಳ್ಳಿ. ಆ ಪಟ್ಟಿಯಲ್ಲಿ ‘ಅಥವಾ ಅದಕ್ಕೆ ಸಮಾನವಾದ’ ಎಂಬ ಮಾತಿದ್ದರೆ, ಸಮಾನವೆಂದು ತೀರ್ಮಾನಿಸುವವರು ಯಾರೆಂದು ಅಲ್ಲೇ ಕೇಳಿಬಿಡಿ.

ಪ್ರಶ್ನೆ: ಕೊಳ್ಳುವ ಉದ್ದೇಶವಿಲ್ಲದೆ, ಅಲಂಕಾರದ ಹೊಸ ಬಗೆಗಳನ್ನು ತಿಳಿಯಲೆಂದು ಮಾತ್ರ ಇಂಥ ಮನೆಗಳನ್ನು ನೋಡಲು ಹೋಗುವುದು ತಪ್ಪೆ?

ಉತ್ತರ: ತಪ್ಪಲ್ಲ. ಆದರೆ ಬಾಗಿಲಲ್ಲೇ ಅದನ್ನು ಹೇಳಿಬಿಡಿ. ಜನಸಂದಣಿಯ ಹೊತ್ತಿನಲ್ಲಿ ಹೋಗಬೇಡಿ, ಫೋಟೊ ತೆಗೆಯುವ ಮೊದಲು ಅನುಮತಿ ಕೇಳಿ. ಫೋನ್ ನಂಬರ್ ಬರೆದುಕೊಟ್ಟರೆ ಮಾರಾಟ ವಿಭಾಗದವರ ಕರೆಗಳು ಬಹಳ ದಿನ ಬಿಡದೆ ಬರಬಹುದು ಎಂಬುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ಬಡಾವಣೆಯ ಉಳಿದ ಮನೆಗಳೆಲ್ಲ ಮಾರಾಟವಾದ ಮೇಲೆ ಮಾದರಿ ಮನೆಯನ್ನೇ ಸಾಮಾನು ಸಮೇತ ಕೊಡುತ್ತೇವೆನ್ನುತ್ತಿದ್ದಾರೆ. ಕೊಳ್ಳಬಹುದೆ?

ಉತ್ತರ: ಮಾರಾಟ ಕಚೇರಿಯೊಳಗೆ ಪ್ಲೈವುಡ್ಡಿನಲ್ಲಿ ಕಟ್ಟಿದ ತಾತ್ಕಾಲಿಕ ಮಾದರಿಯಾದರೆ ಈ ಪ್ರಶ್ನೆಯೇ ಏಳುವುದಿಲ್ಲ, ಅದನ್ನು ಕೊನೆಗೆ ಬಿಚ್ಚಿಬಿಡುತ್ತಾರೆ. ನಿಜವಾದ ಮನೆಯೇ ಆಗಿದ್ದರೆ, ನನ್ನ ಮಟ್ಟಿಗೆ ಅದು ನಕ್ಷೆ ನೋಡಿ ಕೊಳ್ಳುವುದಕ್ಕಿಂತ ಭದ್ರವಾದ ದಾರಿ; ಮಳೆ ಬಿಸಿಲುಗಳನ್ನು ಕಂಡಿರುವುದರಿಂದ ಬಿರುಕು, ತೇವ, ಸೋರಿಕೆಗಳಿದ್ದರೆ ಸಾಕಷ್ಟು ಮಟ್ಟಿಗೆ ಈಗಾಗಲೇ ಹೊರಬಿದ್ದಿರುತ್ತವೆ. ಹೊಸದಾಗಿ ಬಣ್ಣ ಬಳಿಯುವ ಮುನ್ನ ಹೋಗಿ ನೋಡಿ. ನೂರಾರು ಜನ ಓಡಾಡಿದ ನೆಲದ ಸವೆತಕ್ಕೆ ತಕ್ಕಂತೆ ಬೆಲೆ ಇಳಿಸಲು ಕೇಳುವುದರಲ್ಲಿ ಸಂಕೋಚ ಬೇಡ. ಸಾಮಾನುಗಳ ಪಟ್ಟಿಗೆ ಅವರ ಸಹಿ ಪಡೆಯಿರಿ. ಗಿಡ್ಡ ಮಂಚವೂ ಅದರಲ್ಲಿ ಸೇರಿರಬಹುದು. ಕಟ್ಟಡದ ಮತ್ತು ಉಪಕರಣಗಳ ವಾರಂಟಿ ನೀವು ಕೊಂಡ ದಿನದಿಂದ ಲೆಕ್ಕವೋ, ಮನೆ ಸಜ್ಜಾದ ದಿನದಿಂದಲೋ ಎಂಬುದನ್ನು ಕ್ರಯಪತ್ರಕ್ಕೆ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ.