ಹಿಮದಲ್ಲಿ ಮಗುಚಿದ ವಿಮಾನ: ಆ 80 ಜನ ಬದುಕಿದ್ದು ಹೇಗೆ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಫೆಬ್ರುವರಿಯಲ್ಲಿ ಟೊರೊಂಟೊಗೆ ಹೊರಟಿದ್ದೇನೆ. 2025ರ ಫೆಬ್ರುವರಿಯಲ್ಲಿ ಅದೇ ಊರಿನಲ್ಲಿ ಸಣ್ಣ ವಿಮಾನವೊಂದು ಇಳಿಯುವಾಗ ತಲೆಕೆಳಗಾದ ವೀಡಿಯೊವನ್ನು ಯಾರೋ ತೋರಿಸಿದರು. ಅಂದಿನಿಂದ ನಿದ್ದೆಯಿಲ್ಲ. ಅದು ಹಿಮದಲ್ಲಿ ಜಾರಿತೆ? ಪ್ರಯಾಣ ಮುಂದೂಡಲೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಂದೂಡಬೇಡಿ ತಾಯಿ. ಬಾಣಂತನ ನಿಮ್ಮನ್ನು ಕಾಯುವುದಿಲ್ಲ. ವಿಮಾನಗಳ ಚಕ್ರ, ಬ್ರೇಕುಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ವೃತ್ತಿಯಾಗಿತ್ತು. ಹಾಗಾಗಿ ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿಯ ಪ್ರಾಥಮಿಕ ವರದಿಯನ್ನು ಆಸ್ಥೆಯಿಂದ ಓದಿದ್ದೇನೆ.

ಫೆಬ್ರುವರಿ 17ರಂದು ಮಿನಿಯಾಪೊಲಿಸ್‌ನಿಂದ ಬಂದ ಆ ಸಿಆರ್‌ಜೆ-900 ವಿಮಾನದಲ್ಲಿ 76 ಪ್ರಯಾಣಿಕರು, 4 ಸಿಬ್ಬಂದಿ ಇದ್ದರು. ಶೂನ್ಯಕ್ಕಿಂತ ಕೆಳಗಿನ ಚಳಿ, ನೆಲದ ಹಿಮವನ್ನು ಎಬ್ಬಿಸಿ ಹಾರಿಸುವ ಗಾಳಿ. ಬಲಗಡೆಯಿಂದ ಓರೆಯಾಗಿ ಬೀಸುತ್ತಿದ್ದ ಆ ಗಾಳಿಯ ವೇಗ ಗಂಟೆಗೆ ಸುಮಾರು 50 ಕಿ.ಮೀ., ಆಗಾಗ 65. ಆದರೆ ವಿಮಾನ ಮಗುಚಿದ್ದು ಜಾರಿ ಅಲ್ಲ. ನೆಲ ಮುಟ್ಟುವ ಕ್ಷಣದಲ್ಲಿ ಅದು ನಿಮಿಷಕ್ಕೆ ಸುಮಾರು 1,100 ಅಡಿಯಂತೆ ಕೆಳಗಿಳಿಯುತ್ತಿತ್ತು. 600 ಅಡಿ ದಾಟಿದರೇ ತಯಾರಕರ ಲೆಕ್ಕದಲ್ಲಿ ಅದು ಗಡಸು ಇಳಿತ. ನೆಲ ತಾಗಲು ಮೂರು ಸೆಕೆಂಡೂ ಇಲ್ಲದಿರುವಾಗ ಎಚ್ಚರಿಕೆಯ ದನಿ ಕೇಳಿಸಿತು. ಬಲಕ್ಕೆ ಏಳು ಡಿಗ್ರಿ ವಾಲಿದ್ದರಿಂದ ಬಲಗಾಲಿನ ಚಕ್ರಕ್ಕೇ ಮೊದಲ ಪೆಟ್ಟು. ಆ ಕಾಲನ್ನು ಪಕ್ಕಕ್ಕೆ ಬಾಗದಂತೆ ಹಿಡಿದಿಡುವ ಆನಿಕೆಯ ಸರಳು ಮುರಿಯಿತು, ಬಲ ರೆಕ್ಕೆ ಕಿತ್ತು ಬಂದಿತು, ವಿಮಾನ ಉರುಳಿತು. ಇದು ಯಾರ ತಪ್ಪೆಂದು ಪ್ರಾಥಮಿಕ ವರದಿ ಹೇಳುವುದಿಲ್ಲ. ನಾವೂ ತೀರ್ಪು ಕೊಡುವುದು ಬೇಡ.

ಅಷ್ಟಾದರೂ 80 ಮಂದಿಯೂ ಬದುಕಿದರು. ಒಂದು ಸೀಟೂ ಕಿತ್ತು ಬರಲಿಲ್ಲ. ಬೆಲ್ಟ್ ಹಾಕಿಕೊಂಡವರು ತಲೆಕೆಳಗಾಗಿ ನೇತಾಡಿದರು. ಕೆಲವರಿಗೆ ಗಾಯವಾದದ್ದು ಬೆಲ್ಟ್ ಬಿಚ್ಚಿ ಚಾವಣಿಯ ಮೇಲೆ ಬಿದ್ದಾಗ. ಅಂಥ ಸಂದರ್ಭದಲ್ಲಿ ಒಂದು ಕೈಯನ್ನು ಕೆಳಗಿನ ಚಾವಣಿಗೆ ಬಲವಾಗಿ ಊರಿ, ಅಥವಾ ಪಕ್ಕದವರನ್ನು ಹಿಡಿದುಕೊಂಡು, ಆಮೇಲೆ ಕೊಂಡಿ ಬಿಚ್ಚಬೇಕು. ಎಲ್ಲರೂ ಹೊರಬಂದ ಸ್ವಲ್ಪ ಹೊತ್ತಿಗೆ ಎಡರೆಕ್ಕೆಯ ಬುಡದ ಬಳಿ ಸ್ಫೋಟವಾಯಿತು. ಬ್ಯಾಗಿಗಾಗಿ ಜನ ದಾರಿಗೆ ಅಡ್ಡ ನಿಂತಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ನನಗೆ ಮೈ ನಡುಗುತ್ತದೆ.

ಇನ್ನು ನೀವು ಮಾಡಬೇಕಾದದ್ದು. ವಿಮಾನ ಇಳಿಯುವ ಮುನ್ನ ದಪ್ಪ ಕೋಟು ತೆಗೆದಿಡಿ. ಅದರ ಮೇಲೆ ಬಿಗಿದ ಬೆಲ್ಟ್ ಸಡಿಲವೇ. ಪಟ್ಟಿ ಹೊಟ್ಟೆಯ ಮೇಲಲ್ಲ, ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಕೆಳಗೆ, ಸೊಂಟದ ಮೂಳೆಗೆ ಒತ್ತಿಕೊಂಡಿರಲಿ. ನಮ್ಮ ಹೆಂಗಸರಿಗೆ ಚಪ್ಪಲಿ ಕಳಚಿ ಸೀಟಿನ ಮೇಲೆ ಕಾಲು ಮಡಿಸಿ ಕೂರುವ ರೂಢಿ. ಇಳಿಯುವಾಗ ಅದು ಕೂಡದು: ಪಾದ ಮುಚ್ಚುವ ಬೂಟು ಕಾಲಲ್ಲೇ ಇರಬೇಕು, ಹೊರಗೆ ಹಿಮವಿರುತ್ತದೆ. ಪಾಸ್‌ಪೋರ್ಟ್ ಮತ್ತು ದಿನದ ಮಾತ್ರೆಗಳನ್ನು ಸಣ್ಣ ಚೀಲದಲ್ಲಿ ಹಾಕಿ ಒಳಗೆ ಕಟ್ಟಿಕೊಳ್ಳಿ. ಸಿಬ್ಬಂದಿ ಎದ್ದು ಹೊರಡಿ ಎಂದರೆ ಅಂಟಿನುಂಡೆಯ ಡಬ್ಬಿ, ಮೊಮ್ಮಗುವಿನ ಕುಲಾವಿ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಟುಬಿಡಿ.