ಪ್ರಣಯ ಮತ್ತು ಸಸ್ಪೆನ್ಸ್ ಎರಡನ್ನೂ ಒಂದೇ ಕಥೆಯಲ್ಲಿ ಬೆರೆಸುವುದು ಹೇಗೆ?

ಒಂದು ಅಧ್ಯಾಯ ಪ್ರೀತಿ, ಮುಂದಿನದು ಕೊಲೆ ಎಂದು ಹಂಚಿ ಬರೆದರೆ ಎರಡೂ ಎಣ್ಣೆ ನೀರಿನ ಹಾಗೆ ಬೇರೆಯಾಗಿಯೇ ಉಳಿಯುತ್ತವೆ. ಅಪಾಯ ಪ್ರೀತಿಯ ಒಳಗಿನಿಂದಲೇ ಬರಬೇಕು. ಯಾರನ್ನು ಮುಟ್ಟಲು ಮನಸ್ಸು ಹಾತೊರೆಯುತ್ತದೋ, ಅವರನ್ನೇ ಪೂರ್ತಿ ನಂಬಲು ಆಗಬಾರದು.

ನಿರ್ದೇಶಕ ಹಿಚ್‌ಕಾಕ್ ಅವರ 1946ರ 'ನಟೋರಿಯಸ್' ಸಿನಿಮಾ ನೋಡಿ. ಆಗಿನ ಹಾಲಿವುಡ್ ಸೆನ್ಸಾರ್ ನಿಯಮ ದೀರ್ಘ ಚುಂಬನಕ್ಕೆ ಒಪ್ಪುತ್ತಿರಲಿಲ್ಲ. ಹಾಗಾಗಿ ಇಂಗ್ರಿಡ್ ಬರ್ಗ್‌ಮನ್, ಕ್ಯಾರಿ ಗ್ರಾಂಟ್ ಚುಟುಕಾಗಿ ಮುತ್ತಿಡುತ್ತಾರೆ, ರಾತ್ರಿಯೂಟದ ಕೋಳಿಯ ಬಗ್ಗೆ ಹರಟುತ್ತಾರೆ, ಮತ್ತೆ ಮುತ್ತು. ತಡೆದಷ್ಟೂ ಬಿಸಿ ಜಾಸ್ತಿ! ಅದೇ ಅಪ್ಪುಗೆಯಲ್ಲಿ ಸರ್ಕಾರಿ ಗೂಢಚಾರನ ಪಾತ್ರದ ಗ್ರಾಂಟ್ ಫೋನ್ ಮಾಡುತ್ತಾನೆ. ಮೇಲಧಿಕಾರಿ ಬರಹೇಳಿರುತ್ತಾರೆ. ಅವಳು ಗೂಢಚಾರಿಣಿಯಾಗಿ ಇನ್ನೊಬ್ಬನನ್ನು ಒಲಿಸಿಕೊಳ್ಳಬೇಕು ಎಂಬುದು ಅವನಿಗೆ ಅಲ್ಲಿ ಹೋದಾಗ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಇಬ್ಬರ ಪ್ರತಿ ಮಾತಿಗೂ ಎರಡು ಅರ್ಥ.

ನಿಮ್ಮ ಕಥೆಯಲ್ಲೂ ಪ್ರಣಯದ ದೃಶ್ಯ ಮುಗಿಯುವಾಗ ಏನಾದರೂ ಬದಲಾಗಿರಲಿ. ಒಂದು ಸುಳ್ಳು ಸಿಕ್ಕಿಬೀಳಲಿ, ಬೀಗದ ಕೈ ಕಾಣೆಯಾಗಲಿ. ಇಲ್ಲದಿದ್ದರೆ ಓದುಗರು ಆ ಪುಟವನ್ನು ಸುಮ್ನೆ ಹಾರಿಸುತ್ತಾರೆ, ಅಲ್ವಾ? ಮೈಯ ವರ್ಣನೆ ಉದ್ದ ಬೇಡ. ಅವನ ಅಂಗಿಯಲ್ಲಿ ಅವಳಿಗೆ ಪರಿಚಯವಿಲ್ಲದ ಅತ್ತರಿನ ವಾಸನೆ ಬಂತು ಅನ್ನಿ, ಆಸೆ ಮತ್ತು ಅನುಮಾನ ಎರಡೂ ಒಂದೇ ಸಾಲಿನಲ್ಲಿ ಬಂದವು.