ಅರಮನೆಯನ್ನು ಕೆಡವಿದ್ದು ಹಸಿವು, ಮೇಷ್ಟ್ರೇ

ಓದುಗರ ಪತ್ರ: 1970ರ ದಶಕದ ಆರಂಭದಲ್ಲಿ ಇಥಿಯೋಪಿಯಾದ ದೆಸ್ಸಿಯೆಯಲ್ಲಿ ಗಣಿತ ಕಲಿಸುತ್ತಿದ್ದೆ. ಚಕ್ರವರ್ತಿ ಹೈಲೆ ಸೆಲಾಸಿ ಧರ್ಮಪ್ರಭು. ಭಾರತದ ಶಿಕ್ಷಕರನ್ನು ಕರೆಸಿ ಗೌರವದಿಂದ ನಡೆಸಿಕೊಂಡರು. ಕಮ್ಯುನಿಸ್ಟರು ಅಂಥವರನ್ನು ಕೆಳಗಿಳಿಸಿ ಸಾವಿರಾರು ವರ್ಷದ ನಾಡನ್ನು ಹಾಳುಗೆಡವಿದರು. ನಿಮ್ಮ ಪತ್ರಿಕೆ ಇದನ್ನೇಕೆ ಬರೆಯುವುದಿಲ್ಲ? (ನಿವೃತ್ತ ಶಿಕ್ಷಕರು, ಧಾರವಾಡ)

ಸಂಪಾದಕರ ಉತ್ತರ: ಮಾನ್ಯ ಮೇಷ್ಟ್ರೇ, ಒಪ್ಪಬೇಕಾದುದನ್ನು ಮೊದಲು ಒಪ್ಪುತ್ತೇನೆ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸೇನೆ ಇಥಿಯೋಪಿಯಾದ ಮೇಲೆ ವಿಷಾನಿಲ ಸುರಿದಾಗ, 1936ರಲ್ಲಿ ಜಿನೀವಾಕ್ಕೆ ಹೋಗಿ, ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘದೆದುರು ತನ್ನ ಜನರ ಪರ ನಿಂತ ದೊರೆ ಸಣ್ಣ ಮನುಷ್ಯರಲ್ಲ. ಅವರಿಗೆ ಸಿಕ್ಕ ಅಂತ್ಯವೂ ಹೇಯವಾದದ್ದು. 1975ರಲ್ಲಿ ಸೆರೆಯಲ್ಲೇ ಸತ್ತರು. ಅಸ್ಥಿ ಸಿಕ್ಕಿದ್ದು 1992ರಲ್ಲಿ, ಅರಮನೆಯ ಶೌಚಾಲಯದ ಅಡಿಯಲ್ಲಿ.

ಆದರೆ ಕೆಳಗಿಳಿಸಿದವರು ಯಾರು? 1974ರ ಜನವರಿಯಲ್ಲಿ ದಕ್ಷಿಣದ ನೆಗೆಲೆ ಪಟ್ಟಣದ ಸೈನಿಕರು ದಂಗೆಯೆದ್ದರು. ಅವರ ನೀರಿನ ಪಂಪು ಕೆಟ್ಟಿತ್ತು, ಅಧಿಕಾರಿಗಳು ತಮ್ಮ ಬಾವಿಯ ನೀರು ಕೊಡಲಿಲ್ಲ. ವಿಚಾರಣೆಗೆ ಬಂದ ಜನರಲ್‌ಗೆ ಸೈನಿಕರು ತಾವು ತಿನ್ನುತ್ತಿದ್ದ ಊಟವನ್ನೇ ತಿನ್ನಿಸಿದರು. ಫೆಬ್ರವರಿಯಲ್ಲಿ ಪೆಟ್ರೋಲ್ ಬೆಲೆಗಾಗಿ ಟ್ಯಾಕ್ಸಿ ಚಾಲಕರು, ಅವರೊಂದಿಗೆ ಶಿಕ್ಷಕರು ಮುಷ್ಕರ ಹೂಡಿದರು. ಸೆಪ್ಟೆಂಬರ್ 12ರಂದು ದೊರೆಯನ್ನು ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನ ಹಿಂಬದಿ ಸೀಟಿನಲ್ಲಿ ಕೂರಿಸಿಕೊಂಡು ಹೋದ ‘ದೆರ್ಗ್’ ಎಂಬ ಸೈನಿಕ ಸಮಿತಿಯ ಘೋಷಣೆ ‘ಇಥಿಯೋಪಿಯಾ ಮೊದಲು’ ಎಂದಷ್ಟೇ ಇತ್ತು. ಸಮಾಜವಾದದ ಮಾತು ಬಂದದ್ದು ಡಿಸೆಂಬರ್‌ನಲ್ಲಿ.

ನೀವಿದ್ದ ದೆಸ್ಸಿಯೆ ವೊಲ್ಲೊ ಪ್ರಾಂತ್ಯದ ಮುಖ್ಯ ಪಟ್ಟಣ. 1973ರಲ್ಲಿ ಅಲ್ಲಿನ ಹೆದ್ದಾರಿಯಲ್ಲಿ ಹಸಿದವರು ಬಸ್ಸು ಕಾರುಗಳನ್ನು ತಡೆದು ಅನ್ನ ಬೇಡುತ್ತಿದ್ದರು. ಹತ್ತಾರು ಸಾವಿರ ಜನ ಸತ್ತರು. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಕೋಪಕ್ಕಿಂತ ದುಃಖವಾಯಿತು, ಏಕೆಂದರೆ ನೀವು ಕಣ್ಣಿದ್ದವರು. ಅಮರ್ತ್ಯ ಸೇನ್ ಈ ಬರವನ್ನು ಅಧ್ಯಯನ ಮಾಡಿ ತೋರಿಸಿದ್ದನ್ನು ದಯವಿಟ್ಟು ಓದಿ. ದೆಸ್ಸಿಯೆಯ ಪೇಟೆಯಲ್ಲಿ ಧಾನ್ಯದ ಬೆಲೆ ಅಷ್ಟೇನೂ ಏರಿರಲಿಲ್ಲ. ವೊಲ್ಲೊದಿಂದ ಒಂದಷ್ಟು ಧಾನ್ಯ ಹೊರಗೂ ಹೋಗುತ್ತಿತ್ತು. ಕೊಳ್ಳಲು ಕಾಸಿಲ್ಲದ ರೈತ ಸತ್ತ. ದೇಶದ ಎಷ್ಟೋ ಕಡೆ ಗೇಣಿದಾರ ಬೆಳೆಯಲ್ಲಿ ಅರ್ಧವನ್ನೋ ಅದಕ್ಕೂ ಹೆಚ್ಚನ್ನೋ ಒಡೆಯನಿಗೆ ಅಳೆಯುತ್ತಿದ್ದ. ಅರಮನೆ ಬರವನ್ನು ಮುಚ್ಚಿಟ್ಟಿತು. ವಿಶ್ವವಿದ್ಯಾಲಯದ ಅಧ್ಯಾಪಕರು ವೊಲ್ಲೊದಿಂದ ಫೋಟೋಗಳನ್ನು ತಂದರು. ಬ್ರಿಟಿಷ್ ಟೆಲಿವಿಷನ್ನಿನ ಜೊನಾಥನ್ ಡಿಂಬಲ್‌ಬಿ ಚಿತ್ರೀಕರಿಸಿ ಜಗತ್ತಿಗೆ ತೋರಿಸಿದರು. ದೊರೆ ಪದಚ್ಯುತರಾಗುವ ಹಿಂದಿನ ರಾತ್ರಿ ಅದೇ ಚಿತ್ರವನ್ನು ಅರಮನೆಯ ಔತಣದ ದೃಶ್ಯಗಳೊಂದಿಗೆ ಬೆರೆಸಿ ಇಥಿಯೋಪಿಯಾದ ಟಿ.ವಿ.ಯಲ್ಲಿ ತೋರಿಸಲಾಯಿತು.

ನನ್ನ ಮನಸ್ಸು ಮರುಗುವುದು ವಿದ್ಯಾರ್ಥಿಗಳಿಗಾಗಿ. ಉಳುವವನಿಗೇ ಭೂಮಿ ಎಂದು 1965ರಲ್ಲೇ ಅಡಿಸ್ ಅಬಾಬಾದ ಬೀದಿಗಿಳಿದವರು ಅವರು. 1975ರ ಮಾರ್ಚ್‌ನಲ್ಲಿ ದೆರ್ಗ್ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿದಾಗ ಅವರು ಕುಣಿದಾಡಿದರು. ಗೇಣಿ ಹೋಯಿತು, ನಿಜ. ಆದರೆ ನೆಲ ಸರ್ಕಾರದ್ದಾಯಿತು, ಮುಂದೆ ರೈತ ಸರ್ಕಾರ ಹೇಳಿದ ಅಗ್ಗದ ದರಕ್ಕೆ ಧಾನ್ಯ ಒಪ್ಪಿಸಬೇಕಾಯಿತು. ಒಂದು ವರ್ಷ ಮೊದಲು, 1974ರ ಮಾರ್ಚ್‌ನಲ್ಲಿ, ದೇವರಾಜ ಅರಸರ ಭೂಸುಧಾರಣಾ ಕಾನೂನು ನಮ್ಮಲ್ಲಿ ಜಾರಿಗೆ ಬಂದಿತ್ತು. ಘೋಷಣೆ ಅದೇ. ಆದರೆ ನಮ್ಮ ಗೇಣಿದಾರ ಅರ್ಜಿ ಹಾಕಿದ, ಭೂನ್ಯಾಯಮಂಡಳಿಯೆದುರು ಒಡೆಯನ ಜೊತೆ ವಾದಿಸಿದ, ತನ್ನ ಹೆಸರಿಗೇ ಪಹಣಿ ಮಾಡಿಸಿಕೊಂಡ. ಒಂದೂ ಗುಂಡು ಹಾರದೆ ಆದ ಈ ಕೆಲಸವನ್ನು ನಮ್ಮ ಪಠ್ಯಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ!

1977ರಲ್ಲಿ ದೆರ್ಗ್‌ನ ಮೆಂಗಿಸ್ತು ಹೈಲೆ ಮರಿಯಂ ಅಧಿಕಾರವನ್ನು ಪೂರ್ತಿ ಕೈಗೆ ತೆಗೆದುಕೊಂಡ. ಆಗ ವಿರೋಧಿಗಳ ಮೇಲೆ ಅವನ ಆಳ್ವಿಕೆ ನಡೆಸಿದ ‘ಕೆಂಪು ಭಯೋತ್ಪಾದನೆ’ ಎಂಬ ಹತ್ಯಾಕಾಂಡದಲ್ಲಿ ಸತ್ತವರಲ್ಲಿ ಹೆಚ್ಚಿನವರು ರಾಜಭಕ್ತರಲ್ಲ, ಮಾರ್ಕ್ಸ್‌ನನ್ನು ಓದಿಕೊಂಡಿದ್ದ ಹುಡುಗ ಹುಡುಗಿಯರು. ಮಗನ ಶವ ಬೇಕಾದರೆ ಗುಂಡಿನ ಬೆಲೆ ತೆರಬೇಕೆಂದು ತಂದೆತಾಯಿಗಳನ್ನು ಪೀಡಿಸಿದರು. ಮೇಷ್ಟ್ರೇ, ಅವರು ನಿಮ್ಮ ವಿದ್ಯಾರ್ಥಿಗಳ ವಯಸ್ಸಿನವರು. ನಿಮ್ಮ ಕಣ್ಣೀರು ಸಿಂಹಾಸನದ ಬಳಿಯೇ ಬತ್ತಿಹೋಗಬಾರದಿತ್ತು.

ಹೊಸ ಆಳ್ವಿಕೆಯೂ ಹಸಿವನ್ನು ಮುಚ್ಚಿಟ್ಟಿತು. 1984ರ ಸೆಪ್ಟೆಂಬರ್‌ನಲ್ಲಿ ರಾಜಧಾನಿಯಲ್ಲಿ ಕ್ರಾಂತಿಯ ದಶಮಾನೋತ್ಸವ ಅದ್ಧೂರಿಯಾಗಿ ನಡೆದಾಗ ಉತ್ತರದಲ್ಲಿ ಮತ್ತೆ ಜನ ಸಾಯುತ್ತಿದ್ದರು. ಅಲ್ಲಿನ ಕೊರೆಮ್ ಪಟ್ಟಣದ ದೃಶ್ಯಗಳನ್ನು ಬಿಬಿಸಿ ತೋರಿಸಿದ್ದು ಅಕ್ಟೋಬರ್‌ನಲ್ಲಿ.

ನಮ್ಮ ವೃತ್ತಿಯ ಮೇಲೆ ನನಗಿರುವ ಸಿಟ್ಟೂ ಇದೇ. ವರದಿಗಾರನಾಗಿದ್ದಾಗ ಗಂಜಿ ಕೇಂದ್ರದ ಸಾಲಿನ ಬಗ್ಗೆ ಬರೆದುಕೊಟ್ಟ ಸುದ್ದಿ ಒಳಪುಟದ ಮೂಲೆಗೆ ಹೋಯಿತು. ಮುಖಪುಟ ತುಂಬ ದಸರಾ ಅಂಬಾರಿ. ಇಂದು ರಾಜವೈಭವದ ವಿಶೇಷ ಪುರವಣಿಗಳಿಗೆ ಜಾಹೀರಾತು ಸಿಗುತ್ತದೆ. ಗುಳೆ ಹೋದ ಊರಿಗೆ ವರದಿಗಾರನನ್ನು ಕಳುಹಿಸಲು ಬಸ್ ಚಾರ್ಜ್ ಸಿಗುವುದಿಲ್ಲ. ರಾಜರ ಕಾಲವೇ ಚೆನ್ನಾಗಿತ್ತು ಎಂಬ ಪತ್ರಗಳು ನಮಗೆ ವಾರವಾರವೂ ಬರುತ್ತವೆ. ಬರೆದವರಲ್ಲಿ ಗೇಣಿದಾರರ ಮನೆಯವರು ಒಬ್ಬರೂ ಇಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ದೆಸ್ಸಿಯೆಯ ದಿನಗಳನ್ನು ನಮಗಾಗಿ ಬರೆಯಿರಿ. ಚಕ್ರವರ್ತಿಯ ವಿಷಯ ಸಾಕಷ್ಟಾಯಿತು. ಆ ಹೆದ್ದಾರಿ, ಆ ಪೇಟೆ, ಶಾಲೆಗೆ ಬರುವುದನ್ನು ನಿಲ್ಲಿಸಿದ ಮಕ್ಕಳಿದ್ದರೆ ಅವರ ಬಗ್ಗೆ ಬರೆಯಿರಿ. ಪುಟಗಳ ಮಿತಿ ಇಲ್ಲ. ಎಷ್ಟಿದ್ದರೂ ಅಚ್ಚು ಮಾಡುತ್ತೇವೆ.